ಉದ್ರಿ ಪುಸ್ತಕದಿಂದ ಕ್ಯೂಆರ್ ಕೋಡ್‌ವರೆಗೆ: ದುರ್ಗದ ಸೀಮೆಯ ಅಂಗಡಿಗಳು

ಚಿತ್ರದುರ್ಗ ಎಂದಾಕ್ಷಣ ಕಣ್ಣಮುಂದೆ ಬರುವುದು ಏಳು ಸುತ್ತಿನ ಕೋಟೆ. 1779ರಲ್ಲಿ ಹೈದರ್ ಅಲಿಯು ಮದಕರಿನಾಯಕನಿಂದ ದುರ್ಗವನ್ನು ಗೆದ್ದ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಆ ಕೋಟೆಯ ಕೆಳಗಿನ ಪೇಟೆಯಲ್ಲಿ ಕುಳಿತು ವ್ಯಾಪಾರ ಮಾಡಿದವರ ಇತಿಹಾಸವನ್ನು ನಮ್ಮಲ್ಲಿ ಎಷ್ಟು ಮಂದಿ ಓದಿದ್ದೇವೆ? ಯಾರಾದರೂ ಬರೆದಿಟ್ಟಿದ್ದರೆ ತಾನೇ ಓದುವುದು!

ನಮ್ಮದು ಮಳೆ ಕಡಿಮೆಯ ಜಿಲ್ಲೆ. ಇಲ್ಲಿನ ಅಂಗಡಿಗಳು ನಡೆಯುತ್ತಿದ್ದುದು ಬೆಳೆಯ ಲೆಕ್ಕದಲ್ಲಿ. ಮುಂಗಾರಿಗೆ ಬಿತ್ತಿದ ರೈತ, ಶೇಂಗಾ ಕಿತ್ತು ಮಂಡಿಗೆ ಹಾಕುವವರೆಗೆ ಕಿರಾಣಿ, ಬಟ್ಟೆ, ಹೊಲಿಗೆ ಎಲ್ಲವನ್ನೂ ಉದ್ರಿಯಲ್ಲೇ ಪಡೆಯುತ್ತಿದ್ದ. ಅಂಗಡಿಯವನು ತಾನೂ ದೊಡ್ಡ ಸಾಹುಕಾರರಲ್ಲಿ ಉದ್ರಿ ತರುತ್ತಿದ್ದ. ಮಳೆ ಕೈಕೊಟ್ಟರೆ ಇಬ್ಬರ ಬಾಕಿಯೂ ಮುಂದಿನ ವರ್ಷಕ್ಕೆ. ಹಿರಿಯೂರಿಗೆ ಮಾತ್ರ ಸ್ವಲ್ಪ ಬೇರೆ ಭಾಗ್ಯವಿತ್ತು. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ನೀರಿನಿಂದ ತೋಟಗಳು ಬೆಳೆದವು, ಪೇಟೆಗೂ ಹಣ ಬಂತು. ಆದರೆ 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ನಡುವಿನ ಬರಗಾಲಗಳಲ್ಲಿ ತೋಟ ಒಣಗಿದಾಗ ಅಂಗಡಿಯ ಕಪಾಟೂ ಖಾಲಿಯಾಗುತ್ತಿತ್ತು.

ನಮ್ಮ ಸಮುದಾಯದವರ ಕಸುಬುಗಳನ್ನು ನೆನೆಯಿರಿ. ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದ ಪಿಂಜಾರರು, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು, ಬಳೆ ಮಾರುತ್ತಿದ್ದವರು. ಸ್ಟೀಲ್ ಪಾತ್ರೆ ಬಂದು ಕಲಾಯಿಯವರ ಕೆಲಸ ಹೋಯಿತು. ಫೋಮ್ ಹಾಸಿಗೆ ಬಂದು ಪಿಂಜಾರರ ಬಿಲ್ಲು ಮೂಲೆ ಸೇರಿತು. 1994ರಿಂದ ಖಾದ್ಯ ತೈಲದ ಆಮದು ಹಂತಹಂತವಾಗಿ ಮುಕ್ತವಾಯಿತು. ಶೇ. 65ರಷ್ಟಿದ್ದ ಸುಂಕ 1998ರ ಹೊತ್ತಿಗೆ ಶೇ. 15ಕ್ಕೆ ಇಳಿಯಿತು. ಅಗ್ಗದ ಪಾಮ್ ಎಣ್ಣೆಯ ಎದುರು ಶೇಂಗಾ ಎಣ್ಣೆ ಗಿರಣಿಗಳು ಸೊರಗಿದವು. ಎಲ್ಲೋ ದೆಹಲಿಯಲ್ಲಾದ ತೀರ್ಮಾನ ನಮ್ಮೂರ ಹಮಾಲಿಯ ಕೂಲಿಯನ್ನೂ, ಅವನು ಬೀಡಿ ಕೊಳ್ಳುತ್ತಿದ್ದ ಗೂಡಂಗಡಿಯನ್ನೂ ಮುಟ್ಟಿತು.

ಹೊಸದುರ್ಗ, ಹೊಳಲ್ಕೆರೆಗಳಲ್ಲಿ ತೆಂಗು, ಅಡಿಕೆ ಪೇಟೆಯನ್ನು ಒಂದಿಷ್ಟು ಹಿಡಿದು ನಿಲ್ಲಿಸಿದವು. ಚಿತ್ರದುರ್ಗ, ಹಿರಿಯೂರುಗಳಲ್ಲಿ ಹೆದ್ದಾರಿಯೇ ಆಸರೆ. ಪಂಕ್ಚರ್, ವೆಲ್ಡಿಂಗ್, ಲಾರಿ ರಿಪೇರಿ ಎಂದು ನಮ್ಮ ಹುಡುಗರು ಅಲ್ಲಿ ಹೊಸ ಕಸುಬು ಕಂಡುಕೊಂಡರು. ಸುವರ್ಣ ಚತುಷ್ಕೋನ ಯೋಜನೆಯ ಬೈಪಾಸ್ ಆದಮೇಲೆ ಲಾರಿಗಳು ಊರೊಳಗೆ ಬರುವುದು ನಿಂತಿತು. ಕೆಲವರು ಅಂಗಡಿಯನ್ನೇ ಬೈಪಾಸಿಗೆ ಒಯ್ದರು, ಜಾಗ ಸಿಗದವರು ಉಳಿದರು.

ಇಷ್ಟೆಲ್ಲ ಬದಲಾದರೂ ಒಂದು ಬದಲಾಗಿರಲಿಲ್ಲ: ವ್ಯವಹಾರವೆಲ್ಲ ಬಾಯಿಮಾತಿನಲ್ಲಿ, ನಂಬಿಕೆಯಲ್ಲಿ. 2016ರ ನೋಟು ರದ್ದತಿ, 2017ರ ಜಿಎಸ್‌ಟಿ, 2020ರ ಲಾಕ್‌ಡೌನ್ ಒಂದರ ಹಿಂದೆ ಒಂದು ಬಂದಾಗ ಇದರ ಕಷ್ಟ ಗೊತ್ತಾಯಿತು. ಬೀದಿ ವ್ಯಾಪಾರಿಗಳಿಗೆಂದು 2020ರಲ್ಲಿ ಬಂದ ಸ್ವನಿಧಿ ಯೋಜನೆಯ 10,000 ರೂ. ಸಾಲಕ್ಕೂ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ ಬೇಕಿತ್ತು. ಇಪ್ಪತ್ತು ವರ್ಷ ತಳ್ಳುಗಾಡಿ ತಳ್ಳಿದವನ ಕೈಯಲ್ಲಿ ಕಾಗದವೆಲ್ಲಿ?

2025ರ ಜುಲೈ ತಿಂಗಳ ಗಲಾಟೆ ನಿಮಗೆ ನೆನಪಿರಬಹುದು. ಯುಪಿಐ ಮೂಲಕ ಬಂದ ಹಣ ನೋಡಿ ವಾಣಿಜ್ಯ ತೆರಿಗೆ ಇಲಾಖೆಯು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತು. ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂ. ದೊಡ್ಡ ಮೊತ್ತವೆನಿಸುತ್ತದಲ್ಲವೇ? ಲೆಕ್ಕ ಹಾಕಿ ನೋಡಿ: ದಿನಕ್ಕೆ 11,000 ರೂ. ವಹಿವಾಟಾದರೆ ವರ್ಷಕ್ಕೆ 40 ಲಕ್ಷ ದಾಟುತ್ತದೆ. ಹಾಲು, ಬ್ರೆಡ್ಡು, ಸಿಗರೇಟು ಮಾರುವವನಿಗೆ ಅದರಲ್ಲಿ ಉಳಿಯುವುದು ಅಲ್ಪ. ಹಾಲು, ತರಕಾರಿಗಳಿಗೆ ತೆರಿಗೆಯೇ ಇಲ್ಲ. ಆದರೆ ಯಾವುದು ಹಾಲಿನ ಹಣ, ಯಾವುದು ಸಿಗರೇಟಿನ ಹಣ ಎಂದು ಫೋನು ಹೇಳುವುದಿಲ್ಲ, ಪುಸ್ತಕ ಹೇಳಬೇಕು. ಸರ್ಕಾರ ಹಳೆಯ ಬಾಕಿಯ ವಿಷಯದಲ್ಲಿ ಹಿಂದೆ ಸರಿಯಿತು, ನಿಜ. ನನ್ನ ಪ್ರಕಾರ ಇಲಾಖೆ ಮೊದಲು ತಿಳಿವಳಿಕೆ ನೀಡಿ ಆಮೇಲೆ ನೋಟಿಸ್ ಕೊಡಬೇಕಿತ್ತು. ಆದರೂ ಪುಸ್ತಕ ಇಡದ ನಮ್ಮ ತಪ್ಪು ಅದರಿಂದ ಕಡಿಮೆಯಾಗದು.

ಇದರಲ್ಲೊಂದು ಸೋಜಿಗವಿದೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದು ಗೊತ್ತೇ? ಸೂರಃ ಅಲ್ ಬಕರಃದ 282ನೆಯದು. ಅದರ ವಿಷಯ, ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮೇತ ಬರೆದಿಡುವುದು. ಅದನ್ನು ಓದುವ ನಾವೇ ಅಂಗಡಿಯ ಲೆಕ್ಕವನ್ನು ಬೆರಳೆಣಿಕೆಯಲ್ಲಿ ಮುಗಿಸಿದ್ದೇವೆ.

ವಾಣಿಜ್ಯ ಓದುತ್ತಿರುವ ವಿದ್ಯಾರ್ಥಿಗಳೇ, ಈ ರಜೆಯಲ್ಲಿ ವಾರಕ್ಕೊಂದು ಸಂಜೆ ಅಬ್ಬಾಜಾನರ ಅಂಗಡಿಯಲ್ಲಿ ಕುಳಿತು ತಂದದ್ದು, ಮಾರಿದ್ದು, ಉಳಿದದ್ದು ಬರೆಯಿರಿ. ಅಟ್ಟದ ಮೇಲೆ ಹಳೆಯ ಉದ್ರಿ ಪುಸ್ತಕವೇನಾದರೂ ಸಿಕ್ಕರೆ ಗುಜರಿಗೆ ಹಾಕಬೇಡಿ. ಸೇರು ಎಣ್ಣೆಗೆ ಎಷ್ಟಿತ್ತು, ಯಾವ ವರ್ಷ ಯಾರ ಬಾಕಿ ಬರಲಿಲ್ಲ ಎಂಬುದು ಅದರಲ್ಲಿರುತ್ತದೆ. ಉರ್ದುವಿನಲ್ಲಿ ಬರೆದಿದ್ದು ನಿಮಗೆ ಓದಲು ಬಾರದಿದ್ದರೆ ದಾದಾ ಅವರ ಪಕ್ಕದಲ್ಲಿ ಕುಳಿತು ಓದಿಸಿಕೊಳ್ಳಿ, ಅವರು ಇರುವಾಗಲೇ.