ಪದ ಪರಿಚಯ: ಘರ್ಷಣೆ

ಉಜ್ಜು, ತಿಕ್ಕು ಎಂಬರ್ಥದ ಸಂಸ್ಕೃತ ಧಾತು ‘ಘೃಷ್’. ಅದರಿಂದ ಬಂದದ್ದು ‘ಘರ್ಷಣೆ’. ಪತ್ರಿಕೆಗಳಲ್ಲಿ ಈ ಪದಕ್ಕೆ ಜಗಳ, ಹೊಡೆದಾಟ ಎಂಬ ಅರ್ಥ. ಅಚ್ಚಗನ್ನಡದ ‘ತಿಕ್ಕಾಟ’ಕ್ಕೂ ಉಜ್ಜುವಿಕೆ, ಜಗಳ ಎಂಬ ಎರಡೂ ಅರ್ಥಗಳುಂಟು. ಭೌತಶಾಸ್ತ್ರದಲ್ಲಿಯೂ ‘ಘರ್ಷಣೆ’ ಒಂದು ಪಾರಿಭಾಷಿಕ ಪದ; ಮಲಯಾಳದಲ್ಲಿ ಅದು ‘ಘರ್ಷಣಂ’. ಹಾಗಾಗಿ ಗುಂಡ್ಲುಪೇಟೆಯ ಪಿಯುಸಿ ವಿದ್ಯಾರ್ಥಿಗೂ ವಯನಾಡಿನ ಕಲ್ಪೆಟ್ಟದ ಪ್ಲಸ್ ಒನ್ ವಿದ್ಯಾರ್ಥಿಗೂ ಪದ ಹೆಚ್ಚುಕಡಿಮೆ ಒಂದೇ.

ಭೌತಶಾಸ್ತ್ರದಲ್ಲಿ ಘರ್ಷಣೆಯೆಂದರೆ ಒಂದಕ್ಕೊಂದು ತಾಗಿದ ಮೇಲ್ಮೈಗಳ ನಡುವಿನ ಸಾಪೇಕ್ಷ ಚಲನೆಯನ್ನು ತಡೆಯುವ ಬಲ. ‘ತಡೆಯುವುದು’ ಎಂದಷ್ಟೇ ಕಲಿತವರು ಅದನ್ನು ಚಲನೆಯ ಶತ್ರು ಎಂದುಕೊಳ್ಳುತ್ತಾರೆ. ಅದು ಸರಿಯಲ್ಲ. ಉದಾಹರಣೆಗೆ, ಅಡಿವಾರಂನಿಂದ ವಯನಾಡಿನ ಲಕ್ಕಿಡಿಗೆ ಏರುವ ತಾಮರಶ್ಶೇರಿ ಘಾಟಿಯಲ್ಲಿ 9 ಹೇರ್‌ಪಿನ್ ತಿರುವುಗಳಿವೆ. ಸಮತಟ್ಟಾದ ತಿರುವಿನಲ್ಲಿ ಬಸ್ಸನ್ನು ವೃತ್ತದ ಕೇಂದ್ರದತ್ತ ಎಳೆದು ತಿರುಗಿಸುವುದು ಚಕ್ರ ಮತ್ತು ರಸ್ತೆಯ ನಡುವಿನ ಸ್ಥಾಯಿ ಘರ್ಷಣೆಯೇ.

ಅಂಥ ತಿರುವಿನ ಗರಿಷ್ಠ ವೇಗದ ವರ್ಗವು ಘರ್ಷಣಾ ಗುಣಾಂಕ, ತ್ರಿಜ್ಯ, ಗುರುತ್ವ ವೇಗೋತ್ಕರ್ಷ ಈ ಮೂರರ ಗುಣಲಬ್ಧಕ್ಕೆ ಸಮ. ತ್ರಿಜ್ಯ 15 ಮೀಟರ್, ಗುಣಾಂಕ 0.4 ಎಂದಿಟ್ಟುಕೊಂಡರೆ ಗರಿಷ್ಠ ವೇಗ ಗಂಟೆಗೆ ಸುಮಾರು 28 ಕಿ.ಮೀ. ಮಳೆಗೆ ರಸ್ತೆ ನೆನೆದು ಗುಣಾಂಕ 0.2ಕ್ಕೆ ಇಳಿದರೆ ವೇಗದ ಮಿತಿ ಸುಮಾರು 20 ಕಿ.ಮೀ.ಗೆ ಇಳಿಯುತ್ತದೆ. ಸೂತ್ರದಲ್ಲಿ ದ್ರವ್ಯರಾಶಿ ಇಲ್ಲ. ಗುಣಾಂಕ ಒಂದೇ ಆಗಿದ್ದರೆ ಕಾರಿಗೂ ಲಾರಿಗೂ ಜಾರುವ ಮಿತಿ ಒಂದೇ.

ಪರೀಕ್ಷೆಗೆ ಓದುವವರು ಸೂತ್ರವನ್ನು ಬಾಯಿಪಾಠ ಮಾಡುವ ಮೊದಲು ಬಲದ ಚಿತ್ರ ಬರೆದು, ಘರ್ಷಣೆಯ ದಿಕ್ಕನ್ನು ಗುರುತಿಸಿಕೊಳ್ಳಿ.