ಕೆಮ್ಮಣ್ಣು ಮತ್ತು ರೆಡ್ ಆಕ್ಸೈಡ್

ಕೆಮ್ಮಣ್ಣು ಮತ್ತು ರೆಡ್ ಆಕ್ಸೈಡ್ ಮಲೆನಾಡಿನ ಮನೆಗಳ ಒಳಾಂಗಣದಲ್ಲಿ ಬಳಕೆಯಲ್ಲಿರುವ ಎರಡು ಗಾಢ ಕೆಂಪು ಬಣ್ಣಗಳು. ನೋಟಕ್ಕೆ ಒಂದನ್ನೊಂದು ಹೋಲುವ ಇವೆರಡರ ಕೆಂಪಿಗೂ ಕಾರಣ ಒಂದೇ: ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್. ಮೊದಲನೆಯದು ಅಗೆದು ತೆಗೆದ ಮಣ್ಣು. ಎರಡನೆಯದು ಇಂದು ಬಹುಮಟ್ಟಿಗೆ ಕಾರ್ಖಾನೆಯಲ್ಲಿ ತಯಾರಾಗುವ ಪುಡಿ.

ಮೂಲ

ಅತ್ತಿಗುಂಡಿ ಇರುವ ಚಂದ್ರದ್ರೋಣ ಪರ್ವತಶ್ರೇಣಿ ಕಬ್ಬಿಣದ ಅದಿರಿಗೆ ಹೆಸರಾದದ್ದು. ಇದೇ ಶ್ರೇಣಿಯ ಕೆಮ್ಮಣ್ಣುಗುಂಡಿಗೆ ಆ ಹೆಸರು ಬಂದದ್ದೇ ಅಲ್ಲಿನ ಕೆಂಪು ಮಣ್ಣಿನಿಂದ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅಲ್ಲಿಂದಲೇ ಅದಿರು ಹೋಗುತ್ತಿತ್ತು.

ಬಣ್ಣದ ವ್ಯತ್ಯಾಸ

ಕೆಮ್ಮಣ್ಣಿನಲ್ಲಿ ಜೇಡಿ, ಮರಳು ಹಾಗೂ ಹಳದಿ ಛಾಯೆಯ ಇತರ ಕಬ್ಬಿಣದ ಖನಿಜಗಳು ಬೆರೆತಿರುವುದರಿಂದ ಅದರ ಕೆಂಪು ಮಂಕಾಗಿ, ಇಟ್ಟಿಗೆಯ ಬಣ್ಣಕ್ಕೆ ಹತ್ತಿರವಾಗಿರುತ್ತದೆ. ಒದ್ದೆಯಾಗಿದ್ದಾಗ ಗಾಢವಾಗಿ ಕಂಡದ್ದು ಒಣಗಿದ ಮೇಲೆ ತಿಳಿಯಾಗುತ್ತದೆ. ಆದ್ದರಿಂದ ಹಸಿ ಗೋಡೆಯನ್ನು ನೋಡಿ ಬಣ್ಣ ನಿರ್ಧರಿಸುವುದು ತಪ್ಪು. ರೆಡ್ ಆಕ್ಸೈಡ್ ಹೆಚ್ಚು ಶುದ್ಧ. ಅದರ ಕಣಗಳು ಸಣ್ಣದಾದಷ್ಟೂ ಕಿತ್ತಳೆಯತ್ತ, ದೊಡ್ಡದಾದಷ್ಟೂ ನೇರಳೆಯತ್ತ ಬಣ್ಣ ವಾಲುತ್ತದೆ. ಎರಡೂ ಬಿಸಿಲಿಗೆ ಮಾಸುವುದಿಲ್ಲ, ಸುಣ್ಣದ ಕ್ಷಾರಕ್ಕೂ ಕೆಡುವುದಿಲ್ಲ.

ಬಳಕೆ

ಕೆಮ್ಮಣ್ಣನ್ನು ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ ಮಣ್ಣಿನ ಗೋಡೆಗೆ ಬಳಿಯುತ್ತಾರೆ. ಶಿವಮೊಗ್ಗ ಜಿಲ್ಲೆಯ ದೀವರ ಹಸೆ ಚಿತ್ತಾರಕ್ಕೆ ಹಿನ್ನೆಲೆಯಾಗುವುದು ಈ ಕೆಂಪೇ. ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳು ಎದ್ದು ಕಾಣುತ್ತವೆ. ಒರಗಿದವರ ಬಟ್ಟೆಗೆ ಬಣ್ಣ ಅಂಟುವುದು ಇದರ ದೋಷ. ಆಗಾಗ ಮತ್ತೆ ಬಳಿಯಬೇಕು.

ರೆಡ್ ಆಕ್ಸೈಡ್ ಮುಖ್ಯವಾಗಿ ನೆಲದ ಬಣ್ಣ. ಸಿಮೆಂಟಿನೊಡನೆ ಪುಡಿಯನ್ನು ಒಂದೇ ಸಮನಾಗಿ ಬೆರೆಸಿ, ಹಸಿ ಗಾರೆಯ ಮೇಲೆ ಹರಡಿ, ಕರಣೆಯಿಂದ ಉಜ್ಜಿ ನುಣುಪುಗೊಳಿಸಿ, ಹಲವು ದಿನ ನೀರು ಕಟ್ಟಿ ಹದಗೊಳಿಸುತ್ತಾರೆ. ವರ್ಷಗಳ ಓಡಾಟದಿಂದ ಅದರ ಹೊಳಪು ಹೆಚ್ಚುತ್ತದೆ. ಆದರೆ ಬಿರುಕಿಗೆ ಹಾಕಿದ ತೇಪೆ ಹಳೆಯ ಬಣ್ಣದೊಡನೆ ಕೂಡುವುದು ವಿರಳ.

ಆಯ್ಕೆ

ಮಳೆಗಾಲದುದ್ದಕ್ಕೂ ಮಂಜು ಕವಿಯುವ ಅತ್ತಿಗುಂಡಿಯಂತಹ ಊರುಗಳಲ್ಲಿ ಛಾಯೆಗಿಂತ ತೇವವೇ ಮುಖ್ಯ ಪ್ರಶ್ನೆ. ಕೆಮ್ಮಣ್ಣು ಬಳಿದ ಮಣ್ಣಿನ ಗೋಡೆ ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ. ಅದೇ ಕೆಂಪು ಬೇಕೆಂದು ಹಳೆಯ ಮಣ್ಣಿನ ಗೋಡೆಗೆ ಎಣ್ಣೆಬಣ್ಣ ಬಳಿದರೆ ತೇವ ಒಳಗೇ ಉಳಿದು, ಬಣ್ಣ ಹೊಪ್ಪಳೆಯಾಗಿ ಏಳುತ್ತದೆ, ಗೋಡೆಯೂ ಸಡಿಲವಾಗುತ್ತದೆ. ಅಂಗಡಿಗಳಲ್ಲಿ ಡಬ್ಬಿಯಲ್ಲಿ ಸಿಗುವ ರೆಡ್ ಆಕ್ಸೈಡ್ ಪ್ರೈಮರ್ ಕಬ್ಬಿಣದ ಕಿಟಕಿ, ಗೇಟುಗಳಿಗೆ ತುಕ್ಕು ಹಿಡಿಯದಂತೆ ಬಳಿಯುವ ವಸ್ತು. ಹೆಸರು ಒಂದೇ ಆದರೂ ಅದು ಸಿಮೆಂಟಿಗೆ ಬೆರೆಸುವ ಪುಡಿಯಲ್ಲ.