ಸಂಧಾನದೋಷವೂ ಉಪ್ಪಿನಕಾಯಿಯೂ: ಕನ್ನಡ ಸೂಪಶಾಸ್ತ್ರಗಳ ಹಿನ್ನೆಲೆಯಲ್ಲಿ

ಸಂಧಾನ ಎಂಬ ಶಬ್ದವನ್ನು ಕೇಳಿದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ಕೌರವನ ಸಭೆಗೆ ಬಂದ ಕೃಷ್ಣ. ಬಿಲ್ಲಿಗೆ ಬಾಣವನ್ನು ಹೂಡುವುದೂ ಸಂಧಾನವೇ. ಕೂಡಿಸುವುದು, ಜೋಡಿಸುವುದು ಎಂಬ ಮೂಲಾರ್ಥದಿಂದ ಈ ಎರಡೂ ಬಳಕೆಗಳು ಬಂದಿವೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಷ್ಟಾಗಿ ಪರಿಚಯವಿಲ್ಲದ ಮೂರನೆಯ ಬಳಕೆಯೊಂದು ಈ ಶಬ್ದಕ್ಕಿದೆ. ಆಯುರ್ವೇದದಲ್ಲಿ ಸಂಧಾನವೆಂದರೆ ದ್ರವ್ಯಗಳನ್ನು ಒಂದೆಡೆ ಕೂಡಿಸಿ, ಮುಚ್ಚಿಟ್ಟು, ಹುದುಗುಬರಿಸುವ ಕ್ರಮ. ಆಸವ, ಅರಿಷ್ಟಗಳು ಸಿದ್ಧವಾಗುವುದು ಹೀಗೆಯೇ. ಜೈನ ಶ್ರಾವಕಾಚಾರ ಗ್ರಂಥಗಳಲ್ಲಿ ಇದೇ ಶಬ್ದ ಅಡುಗೆಮನೆಯನ್ನು ಹೊಕ್ಕು, ಉಪ್ಪು ಹುಳಿಗಳಲ್ಲಿ ಊರಿಸಿಟ್ಟ ಕಾಯಿ ಹಣ್ಣುಗಳನ್ನು, ಎಂದರೆ ಉಪ್ಪಿನಕಾಯಿಯನ್ನು ಸೂಚಿಸುತ್ತದೆ. ಅಲ್ಲಿ ಅದು ವ್ರತಿಗೆ ವರ್ಜ್ಯ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕನ್ನಡದಲ್ಲಿ ಅಡುಗೆಯನ್ನೇ ವಸ್ತುವಾಗಿಸಿಕೊಂಡ ಪ್ರಸಿದ್ಧ ಕೃತಿಯಾದ ‘ಸೂಪಶಾಸ್ತ್ರ’ವನ್ನು ಬರೆದವನು ಜೈನಕವಿ ಮೂರನೆಯ ಮಂಗರಸ. ರಸನೇಂದ್ರಿಯದ ನಿಗ್ರಹವನ್ನು ಬೋಧಿಸಿದ ಪರಂಪರೆಯಿಂದ ರಸನೆಯ ಶಾಸ್ತ್ರವೊಂದು ಹುಟ್ಟಿದ್ದು ಹೇಗೆ? ಆಚಾರಗ್ರಂಥ ಬೇಡವೆಂದದ್ದನ್ನು ಪಾಕಗ್ರಂಥದ ಪರಂಪರೆ ಹೇಗೆ ಕಂಡಿತು? ಉಪ್ಪಿನಕಾಯಿಯಂಥ ಸಾಮಾನ್ಯ ಪದಾರ್ಥದ ಚರಿತ್ರೆ ಈ ಪ್ರಶ್ನೆಗೆ ದಾರಿಮಾಡಿಕೊಡುತ್ತದೆ.

ಹೆಸರಿನೊಳಗಿನ ಚರಿತ್ರೆ

ಮೊದಲು ಹೆಸರುಗಳನ್ನು ನೋಡಬೇಕು. ತಮಿಳಿನ ‘ಊರುಗಾಯ್’, ತೆಲುಗಿನ ‘ಊರಗಾಯ’ ಎರಡೂ ಊರುವ ಕ್ರಿಯೆಯಿಂದ ಹುಟ್ಟಿದ ಹೆಸರುಗಳು. ಅವು ಹೇಳುವುದು ಕಾಲವನ್ನು. ಕನ್ನಡದ ‘ಉಪ್ಪಿನಕಾಯಿ’, ತುಳುವಿನ ‘ಉಪ್ಪಡ್’, ಲವಣದಿಂದ ಬಂದ ಮರಾಠಿಯ ‘ಲೋಣಚೆ’ ಮತ್ತು ಕೊಂಕಣಿಯ ‘ನೋಣ್ಚೆ’ ಹೇಳುವುದು ದ್ರವ್ಯವನ್ನು. ಉತ್ತರದ ‘ಅಚಾರ್’ ಪಾರಸಿಯ ಮೂಲಕ ಬಂದದ್ದು. ಕಾಯಿ ಯಾವುದೇ ಇರಲಿ, ಮಾವಾಗಲಿ, ನಿಂಬೆಯಾಗಲಿ, ಅಂಬಟೆಯಾಗಲಿ, ಕನ್ನಡದ ಕಿವಿಗೆ ಅದು ಮೊದಲು ‘ಉಪ್ಪಿನ’ದು. ಈ ಹೆಸರಿನಲ್ಲಿ ಖಾರಕ್ಕೆ ಸ್ಥಾನವಿಲ್ಲ. ಇದು ಆಕಸ್ಮಿಕವಾಗಿರಲಾರದು. ಮೆಣಸಿನಕಾಯಿ ಅಮೆರಿಕದ ನೆಲದ ಬೆಳೆ. ಪೋರ್ಚುಗೀಸರ ಹಡಗುಗಳೊಂದಿಗೆ 16ನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಬಂದದ್ದು. ಅದಕ್ಕೆ ಮೊದಲು ಈ ನಾಡಿನ ಖಾರವೆಂದರೆ ಮೆಣಸು, ಶುಂಠಿ, ಹಿಪ್ಪಲಿ, ಸಾಸಿವೆ. ಹೊಸ ಕಾಯಿಗೆ ಕನ್ನಡಿಗರು ಹಳೆಯ ಮೆಣಸಿನ ಹೆಸರನ್ನೇ ಸೇರಿಸಿ ‘ಮೆಣಸಿನಕಾಯಿ’ ಎಂದರು. ಮೂಲದ ಮೆಣಸು ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಎಂಬ ವಿಶೇಷಣಗಳನ್ನು ಹೊತ್ತು ತನ್ನನ್ನು ಬೇರ್ಪಡಿಸಿಕೊಳ್ಳಬೇಕಾಯಿತು. ಇಂದಿನ ಕೆಂಪು ಉಪ್ಪಿನಕಾಯಿಯನ್ನು ಕಣ್ಣಮುಂದಿಟ್ಟುಕೊಂಡು ಹಳೆಯ ಗ್ರಂಥಗಳನ್ನು ಓದುವವರು ಈ ಅಂತರವನ್ನು ನೆನಪಿನಲ್ಲಿಡುವುದು ಅವಶ್ಯ.

ಉಪ್ಪು ಹಾಕಿ ಕಾಪಿಡುವ ಈ ಕ್ರಮದ ಪಕ್ಕದಲ್ಲಿಯೇ ಮತ್ತೊಂದು ಪ್ರಾಚೀನ ಧಾರೆಯಿದೆ. ಚರಕಸಂಹಿತೆಯ ಅನ್ನಪಾನವಿಧಿ ‘ರಾಗಷಾಡವ’ವೆಂಬ ವ್ಯಂಜನವನ್ನು ಹೆಸರಿಸಿ, ಖಾರ, ಹುಳಿ, ಸಿಹಿ, ಉಪ್ಪುಗಳು ಕೂಡಿದ, ಲಘುವಾದ ಪದಾರ್ಥವೆಂದು ಅದರ ಗುಣವನ್ನು ತಿಳಿಸುತ್ತದೆ. ಸುಶ್ರುತಸಂಹಿತೆಯಲ್ಲಿಯೂ ಇದರ ಪ್ರಸ್ತಾಪವಿದೆ. ಹುಳಿಹಣ್ಣನ್ನು ಬೆಲ್ಲ, ಶುಂಠಿ ಮುಂತಾದವುಗಳೊಡನೆ ಕೂಡಿಸಿ ಮಾಡುವ ಈ ವ್ಯಂಜನ ಇಂದಿನ ಗೊಜ್ಜು, ಗುಳಂಬಗಳ ಹತ್ತಿರದ ಬಂಧು. ಉಪ್ಪಿನಕಾಯಿಯ ಬಲ ದೀರ್ಘಕಾಲ ಉಳಿಯುವುದರಲ್ಲಿದ್ದರೆ ಗೊಜ್ಜಿನ ಬಲ ಆ ಹೊತ್ತಿನ ರಸಸಂಯೋಗದಲ್ಲಿದೆ. ಮುಂದಿನ ವಿವೇಚನೆಗೆ ಈ ಭೇದ ಮುಖ್ಯವಾಗುತ್ತದೆ.

ಆಶಾಧರನ ನಿಷೇಧ

13ನೆಯ ಶತಮಾನದಲ್ಲಿ ಮಾಳವದಲ್ಲಿದ್ದ ಪಂಡಿತ ಆಶಾಧರ ತನ್ನ ‘ಸಾಗಾರಧರ್ಮಾಮೃತ’ದಲ್ಲಿ ಗೃಹಸ್ಥನ ಮೊದಲ ಪ್ರತಿಮೆಯಾದ ದರ್ಶನಪ್ರತಿಮೆಯನ್ನು ನಿರೂಪಿಸುವಾಗ ಸಂಧಾನವನ್ನು ಸಂಪೂರ್ಣವಾಗಿ ಬಿಡಬೇಕೆಂದು ವಿಧಿಸುತ್ತಾನೆ. ಈ ವಿಧಿಯ ಸ್ಥಾನ ವಿಚಾರಾರ್ಹವಾದುದು. ಎರಡು ದಿನ ಕಳೆದ ಮೊಸರು, ಮಜ್ಜಿಗೆ ಮತ್ತು ಬೂಸು ಹಿಡಿದ ಗಂಜಿಯೊಡನೆ ಅವನು ಉಪ್ಪಿನಕಾಯಿಯನ್ನು ಸೇರಿಸಿದ್ದಾನೆ. ಇವುಗಳ ಸೇವನೆ ಮದ್ಯತ್ಯಾಗವ್ರತಕ್ಕೆ ಕಳಂಕವೆಂದು ಹೇಳುತ್ತಾನೆ. ಉಪ್ಪಿನಕಾಯಿ ನಾಲಗೆಯ ಚಪಲವೆಂಬ ಕಾರಣಕ್ಕೆ ಅವನು ಅದನ್ನು ನಿರಾಕರಿಸಲಿಲ್ಲ. ಹುದುಗುವಿಕೆಯೆಂಬ ಒಂದೇ ಲಕ್ಷಣದಿಂದ ಮೊಸರು, ಗಂಜಿ, ಉಪ್ಪಿನಕಾಯಿ, ಮದ್ಯಗಳು ಒಂದೇ ಸಾಲಿಗೆ ಬಂದಿವೆ. ಕಾಲ ಕಳೆದಂತೆ ಆಹಾರದಲ್ಲಿ ಕಣ್ಣಿಗೆ ಕಾಣದ ಜೀವಗಳು ಹುಟ್ಟುತ್ತವೆಂಬ ಅಹಿಂಸಾದೃಷ್ಟಿ ಇದರ ಹಿಂದಿನ ತತ್ತ್ವ. ಮೊಸರಿನಲ್ಲಿಯೂ ನೀರಿನಲ್ಲಿ ಊರಿದ ಕಾಯಿಯಲ್ಲಿಯೂ ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುವ ಸೂಕ್ಷ್ಮಜೀವಿಗಳಿವೆಯೆಂದು ಇಂದು ಹೇಳುವಾಗ, ಆ ಹಳೆಯ ವರ್ಗೀಕರಣದ ಹಿಂದಿದ್ದ ಅವಲೋಕನ ಎಷ್ಟು ನಿಖರವಾಗಿತ್ತೆಂಬುದು ತಿಳಿಯುತ್ತದೆ.

ಶ್ವೇತಾಂಬರ ಪರಂಪರೆಯಲ್ಲಿ ಹೆಚ್ಚು ಬಳಕೆಯಲ್ಲಿರುವ 22 ಅಭಕ್ಷ್ಯಗಳ ಪಟ್ಟಿಯಲ್ಲಿಯೂ ಸಂಧಾನಕ್ಕೆ ಸ್ಥಾನವಿದೆ. ಅಲ್ಲಿ ನೀರಿನಂಶ ಉಳಿದ ಉಪ್ಪಿನಕಾಯಿಗೆ ನಿಷೇಧ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಹೋಳುಗಳಿಗೆ ರಿಯಾಯಿತಿಯುಂಟು. ದಿಗಂಬರ ಆಚಾರದಲ್ಲಿ ಪ್ರತಿಯೊಂದು ಪದಾರ್ಥಕ್ಕೂ ಒಂದು ಕಾಲಮರ್ಯಾದೆ. ಉಪ್ಪಿನಕಾಯಿಗೆ ಅದು ಒಂದು ಅಹೋರಾತ್ರಿ. ಇದರ ಪರಿಣಾಮ ಅಡುಗೆಯ ಮೇಲೆ ಆಗದೆ ಇರಲಿಲ್ಲ. ನಿಯಮ ಪಾಲಿಸುವ ಮನೆಗಳಲ್ಲಿ ಮಾವಿನಕಾಯಿಯ ಹೋಳಿಗೆ ಉಪ್ಪು, ಸಾಸಿವೆ ಬೆರೆಸಿ ಅಂದಂದೇ ಮುಗಿಸುವ ಉಪ್ಪಿನಕಾಯಿ, ಗೊಜ್ಜು, ಕೋಸಂಬರಿಗಳಿಗೆ ಪ್ರಾಶಸ್ತ್ಯ ಬಂತು. ಭರಣಿಯ ಕೆಲಸವನ್ನು ಬಟ್ಟಲು ವಹಿಸಿಕೊಂಡಿತು.

ಚರಿತ್ರೆಕಾರನಿಗೆ ಈ ನಿಷೇಧ ಇನ್ನೊಂದು ದೃಷ್ಟಿಯಿಂದಲೂ ಬೆಲೆಯುಳ್ಳದ್ದು. ಯಾರೂ ತಿನ್ನದ್ದನ್ನು ಯಾವ ಶಾಸ್ತ್ರಕಾರನೂ ನಿಷೇಧಿಸುವುದಿಲ್ಲ. 13ನೆಯ ಶತಮಾನದ ಗೃಹಸ್ಥರ ಮನೆಗಳಲ್ಲಿ ಉಪ್ಪಿನಕಾಯಿ ಎಷ್ಟು ನೆಲೆಯೂರಿತ್ತೆಂಬುದಕ್ಕೆ ಅದನ್ನು ಬಿಡಿರೆಂದ ಮಾತೇ ಸಾಕ್ಷ್ಯ.

ಕನ್ನಡದ ಪಾಕಗ್ರಂಥಗಳು

ಕನ್ನಡದಲ್ಲಿ ಪಾಕವಿಷಯ ಮೊದಲು ಪ್ರತ್ಯೇಕ ಅಧ್ಯಾಯವಾಗಿ ಕಾಣಿಸುವುದು ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ. ಸುಮಾರು 1025ರಲ್ಲಿ, ಕಲ್ಯಾಣ ಚಾಲುಕ್ಯರ ಜಯಸಿಂಹನ ಆಶ್ರಯದಲ್ಲಿ ರಚಿತವಾದ ಈ ಕೃತಿ ಜ್ಯೋತಿಷ, ಜಲಶೋಧನೆ, ವೃಕ್ಷಾಯುರ್ವೇದ, ಗಂಧಯುಕ್ತಿ, ವಿಷವೈದ್ಯಗಳ ಜೊತೆಗೆ ಸೂಪಶಾಸ್ತ್ರವನ್ನೂ ಒಳಗೊಂಡಿದೆ. ಹೆಸರೇ ಹೇಳುವಂತೆ ಇದು ಲೋಕದ ಉಪಯೋಗಕ್ಕಾಗಿ ಬರೆದುದು. ಅದೇ ವಂಶದ ಮೂರನೆಯ ಸೋಮೇಶ್ವರ ಒಂದು ಶತಮಾನದ ಅನಂತರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿ ಅನ್ನಭೋಗವನ್ನು ರಾಜಭೋಗಗಳಲ್ಲಿ ಒಂದಾಗಿಸಿದ. ಒಂದು ಗ್ರಂಥದಲ್ಲಿ ಅಡುಗೆ ಉಪಕಾರ, ಇನ್ನೊಂದರಲ್ಲಿ ಭೋಗ.

ಮಂಗರಸನದು ಮೂರನೆಯ ಮಾರ್ಗ. ಮೈಸೂರು ಸೀಮೆಯ ಕಲ್ಲಹಳ್ಳಿಯ ಅರಸನಾದ ಈತ 16ನೆಯ ಶತಮಾನದ ಆದಿಭಾಗದಲ್ಲಿದ್ದವನು. ‘ನೇಮಿಜಿನೇಶಸಂಗತಿ’, ‘ಸಮ್ಯಕ್ತ್ವಕೌಮುದಿ’, ‘ಜಯನೃಪಕಾವ್ಯ’ಗಳ ಕರ್ತೃ. ವಾರ್ಧಕ ಷಟ್ಪದಿಯಲ್ಲಿರುವ ಅವನ ‘ಸೂಪಶಾಸ್ತ್ರ’ ಹಿಟ್ಟಿನ ತಿಂಡಿಗಳಿಂದ ತೊಡಗಿ ಪಾನಕ, ಅನ್ನದ ಬಗೆಗಳನ್ನು ಹಾದು ಬದನೆ, ಹಲಸು, ಬಾಳೆ, ಕಳಲೆ, ನೆಲ್ಲಿಗಳವರೆಗೆ ಸಾಗುತ್ತದೆ. ಮಾಂಸಕ್ಕೆ ಅಲ್ಲಿ ಎಡೆಯಿಲ್ಲ. ಹಾಗೆಂದು ಅದನ್ನು ಜೈನ ಆಚಾರದ ಅಡುಗೆಪುಸ್ತಕವೆಂದು ತಿಳಿಯುವುದು ದುಡುಕಾಗುತ್ತದೆ. 22 ಅಭಕ್ಷ್ಯಗಳ ಪಟ್ಟಿಯಲ್ಲಿ ಬದನೆಯ ಹೆಸರೂ ಉಂಟು. ಮಂಗರಸನಾದರೋ ಬದನೆಯ ಪಾಕಗಳಿಗೆ ಧಾರಾಳವಾಗಿ ಪದ್ಯಗಳನ್ನು ಮೀಸಲಿಟ್ಟಿದ್ದಾನೆ. ‘ಸಮ್ಯಕ್ತ್ವಕೌಮುದಿ’ಯನ್ನು ಬರೆದವನಿಗೆ ಆಚಾರದ ಸೂಕ್ಷ್ಮ ತಿಳಿದಿರಲಿಲ್ಲವೆನ್ನಲಾಗದು. ಅವನ ಕೃತಿ ಲೌಕಿಕಶಾಸ್ತ್ರದ ಕೋಟಿಗೆ ಸೇರಿದುದು. ಆಚಾರಗ್ರಂಥ ಏನನ್ನು, ಯಾವಾಗ, ಯಾರು ತಿನ್ನಬಹುದೆಂದು ಹೇಳುತ್ತದೆ. ಹೇಗೆ ಮಾಡಬೇಕೆಂದು ಹೇಳುವುದಿಲ್ಲ. ಪಾಕಗ್ರಂಥ ಹೇಗೆ ಮಾಡಬೇಕೆಂದು ಹೇಳುತ್ತದೆ. ಯಾರು ತಿನ್ನಬಹುದೆಂಬುದನ್ನು ತಿನ್ನುವವನ ವ್ರತಕ್ಕೆ ಬಿಡುತ್ತದೆ. ಒಂದರ ಮೌನವನ್ನು ಇನ್ನೊಂದರ ಮಾತಿನಿಂದ ತುಂಬಿಸಲು ಹೊರಟಾಗ ತಪ್ಪು ತೀರ್ಮಾನಗಳು ಹುಟ್ಟುತ್ತವೆ.

ಈ ವಿಭಜನೆ ಎಲ್ಲ ಶಾಸ್ತ್ರಗಳಲ್ಲಿಯೂ ಇತ್ತೆನ್ನುವಂತಿಲ್ಲ. ಉಗ್ರಾದಿತ್ಯನ ಸಂಸ್ಕೃತ ‘ಕಲ್ಯಾಣಕಾರಕ’ವಾಗಲಿ, ಜಗದ್ದಳ ಸೋಮನಾಥನ ಕನ್ನಡ ‘ಕರ್ಣಾಟಕ ಕಲ್ಯಾಣಕಾರಕ’ವಾಗಲಿ ಮದ್ಯ ಮಾಂಸಗಳನ್ನು ಬಿಟ್ಟ ಚಿಕಿತ್ಸಾಕ್ರಮವನ್ನು ಕಟ್ಟಿಕೊಟ್ಟವು. ಜೈನವೈದ್ಯ ಆಚಾರವನ್ನು ಶಾಸ್ತ್ರದೊಳಗೇ ತಂದ. ಮಂಗರಸ ಮಾಂಸದ ಎಲ್ಲೆಯನ್ನು ಕಾಯ್ದುಕೊಂಡು ಉಳಿದುದನ್ನು ಲೋಕಕ್ಕೆ ತೆರೆದಿಟ್ಟ.

ಉಪ್ಪಿನಕಾಯಿಯ ವೈವಿಧ್ಯಕ್ಕೆ ಕನ್ನಡ ಕಾವ್ಯದ ದೊಡ್ಡ ಸಾಕ್ಷ್ಯ ದೊರೆಯುವುದು 1594ರ ವೀರಶೈವ ಕೃತಿಯೊಂದರಲ್ಲಿ. ಗುರುಲಿಂಗ ದೇಶಿಕನ ‘ಲಿಂಗಪುರಾಣ’ದಲ್ಲಿ 50ಕ್ಕೆ ಕಡಿಮೆಯಿಲ್ಲದಷ್ಟು ಬಗೆಯ ಉಪ್ಪಿನಕಾಯಿಗಳು ಬರುತ್ತವೆಂದು ಆಹಾರಚರಿತ್ರೆಯ ವಿದ್ವಾಂಸ ಕೆ. ಟಿ. ಅಚ್ಚಯ್ಯ ದಾಖಲಿಸಿದ್ದಾರೆ. ಕಥನದ ನಡುವೆ ಬರುವ ಭೋಜನವರ್ಣನೆ ಕೇವಲ ಅಲಂಕಾರವೆಂದು ತೇಲಿಸಿಬಿಡುವ ವಿಮರ್ಶೆಗೆ ಇಂಥ ಪಟ್ಟಿಗಳ ಬೆಲೆ ತಿಳಿಯುವುದಿಲ್ಲ. ಶಾಸ್ತ್ರ ಬಿಟ್ಟುದನ್ನು ಹಲವೊಮ್ಮೆ ಕಾವ್ಯ ಉಳಿಸಿಕೊಟ್ಟಿದೆ.

ಹೊನ್ನಾವರದ ಎಲೆ

ಹೊರಗಿನವನ ಕಣ್ಣು ಕಂಡ ಸಾಕ್ಷ್ಯವೊಂದು ಇದಕ್ಕೂ ಹಿಂದಿನದು. 14ನೆಯ ಶತಮಾನದ ನಡುಭಾಗದಲ್ಲಿ ಹೊನ್ನಾವರಕ್ಕೆ ಬಂದಿದ್ದ ಮೊರೊಕ್ಕೊದ ಯಾತ್ರಿಕ ಇಬ್ನ್ ಬತೂತ ಅಲ್ಲಿನ ಸುಲ್ತಾನನ ಮನೆಯ ಊಟವನ್ನು ವಿವರಿಸಿದ್ದಾನೆ. ದೊಡ್ಡ ತಾಮ್ರದ ಸೌಟಿನಿಂದ ಅನ್ನವನ್ನು ಬಡಿಸಿ, ತುಪ್ಪವನ್ನು ಸುರಿದು, ಪಕ್ಕದಲ್ಲಿ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿಯನ್ನು ಇಡುತ್ತಿದ್ದರಂತೆ. ಬೇರೆಡೆ ಮಾವಿನ ವಿಷಯ ಬಂದಾಗ, ಉದುರಿದ ಎಳೆಗಾಯಿಗಳನ್ನು ಆಯ್ದು ಉಪ್ಪು ಹಾಕಿಡುವ ಕ್ರಮವನ್ನು ತನ್ನ ನಾಡಿನ ನಿಂಬೆಯ ಉಪ್ಪಿನಕಾಯಿಗೆ ಹೋಲಿಸುತ್ತಾನೆ. ಮೆಣಸಿನಕಾಯಿ ಬರುವುದಕ್ಕೆ ಒಂದೂವರೆ ಶತಮಾನಕ್ಕೂ ಹಿಂದಿನ ಈ ಎಲೆಯಲ್ಲಿದ್ದ ನಾಲ್ಕೂ ಬಗೆಗಳು ಇಂದಿಗೂ ಅದೇ ಸೀಮೆಯ ಮನೆಗಳಲ್ಲಿ ಬಳಕೆಯಲ್ಲಿವೆ. ಹಸಿಮೆಣಸನ್ನು ಗೊಂಚಲುಸಹಿತ ನಿಂಬೆರಸದಲ್ಲಿ ಊರಿಸಿಡುವ ಪದ್ಧತಿ ಮಲೆನಾಡಿಗರಿಗೆ ಹೊಸತಲ್ಲ.

ಮಿಡಿ, ಸೊನೆ, ಉಪ್ಪು

ಹೊನ್ನಾವರದ ಬೆನ್ನಿಗಿರುವ ಘಟ್ಟದ ಸೀಮೆ ಅಪ್ಪೆಮಿಡಿಯ ನೆಲೆ. ಅಘನಾಶಿನಿ, ಬೇಡ್ತಿ, ಶರಾವತಿಗಳ ದಂಡೆಯಲ್ಲಿ ತಾನಾಗಿ ಬೆಳೆದ ಮಾವಿನ ಮರಗಳ ಎಳೆಗಾಯಿ ಇದು. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ ವಾಸನೆಯ ಮಿಡಿ, ಕರ್ಪೂರದ ವಾಸನೆಯ ಮಿಡಿ ಎಂದು ಮರಮರಕ್ಕೂ ಹೆಸರು. ಅಘನಾಶಿನಿಯ ಮೇಲ್ದಂಡೆಯಲ್ಲಿ ಮಿಡಿ, ಅದೇ ನದಿಯ ಅಳಿವೆಯಲ್ಲಿ, ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ, ಉಪ್ಪಿನ ಆಗರ. ಒಂದು ಉಪ್ಪಿನಕಾಯಿಗೆ ಬೇಕಾದ ಎರಡು ಮೂಲದ್ರವ್ಯಗಳು ಒಂದೇ ನದಿಯ ಎರಡು ತುದಿಗಳಲ್ಲಿವೆ.

ಮನೆಯ ಕ್ರಮ ಸರಳವಾಗಿ ಕಾಣುತ್ತದೆ. ಅದರ ಶಿಸ್ತು ಸರಳವಲ್ಲ. ಮಿಡಿಯನ್ನು ನೆಲಕ್ಕೆ ಬೀಳಿಸದೆ, ತೊಟ್ಟುಸಹಿತ ಕೊಯ್ಯಬೇಕು. ಪೆಟ್ಟುಬಿದ್ದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸಬಲ್ಲುದು. ತೊಟ್ಟನ್ನು ಸ್ವಲ್ಪವೇ ಉಳಿಸಿ ಕತ್ತರಿಸಿದರೆ ಸೊನೆ ಒಳಗೇ ಉಳಿಯುತ್ತದೆ. ಪರಿಮಳವೆಲ್ಲ ಆ ಸೊನೆಯಲ್ಲಿ. ತೊಳೆದು ನೀರಾರಿಸಿದ ಮಿಡಿಗಳನ್ನೂ ಹರಳುಪ್ಪನ್ನೂ ಪದರಪದರವಾಗಿ ಭರಣಿಗೆ ತುಂಬುತ್ತಾರೆ. ಉಪ್ಪು ಕಾಯಿಯೊಳಗಿನ ನೀರನ್ನು ಹೊರಗೆಳೆದು, ಕೆಲವು ದಿನಗಳಲ್ಲಿ ಮಿಡಿಗಳು ಸುಕ್ಕುಗಟ್ಟಿ ತಮ್ಮದೇ ರಸದಲ್ಲಿ ಮುಳುಗುತ್ತವೆ. ಆ ಉಪ್ಪುನೀರನ್ನು ಬಸಿದು, ಕುದಿಸಿ, ಆರಿಸಿ, ಸಾಸಿವೆ, ಮೆಣಸಿನಕಾಯಿ, ಅರಿಶಿನಗಳನ್ನು ಅದರಲ್ಲಿಯೇ ಅರೆದು ಮಿಡಿಗಳಿಗೆ ಕೂಡಿಸುತ್ತಾರೆ. ಹೊರಗಿನ ನೀರಿನ ಒಂದು ಹನಿಯೂ ಸೇರಬಾರದು. ಉಪ್ಪಿನ ಸಾಂದ್ರತೆ, ಕಾಯಿಯ ಹುಳಿ, ಸಾಸಿವೆಯ ತೀಕ್ಷ್ಣತೆ, ಗಾಳಿಯಿಲ್ಲದ ಭರಣಿ, ಇವು ನಾಲ್ಕೂ ಕೂಡಿ ಕೊಳೆಯುವಿಕೆಯನ್ನು ತಡೆಯುತ್ತವೆ. ನೀರಿನಂಶದ ಬಗ್ಗೆ ಈ ಅಡುಗೆಮನೆಗಿರುವ ಎಚ್ಚರ ಆಚಾರಗ್ರಂಥದ ಎಚ್ಚರಕ್ಕೆ ಬಹಳ ಹತ್ತಿರದ್ದು. ಒಂದು ಕೆಡುವುದನ್ನು ಕಂಡು ಬಿಡಿರೆಂದಿತು. ಇನ್ನೊಂದು ಕೆಡದಂತೆ ಇಡುವ ಬಗೆಯನ್ನು ಕಂಡುಕೊಂಡಿತು.

ಬರೆಯದ ಶಾಸ್ತ್ರ

ಲೋಕೋಪಕಾರದಿಂದ ಸೂಪಶಾಸ್ತ್ರದವರೆಗಿನ ಈ ಪಾಕಗ್ರಂಥಗಳ ಕರ್ತೃಗಳು ಪುರುಷರು. ಅರಸರು, ಇಲ್ಲವೆ ಅರಸರ ಆಶ್ರಿತರು. ಮಿಡಿಯನ್ನು ಬೆರಳಿನಿಂದ ಒತ್ತಿ ಉಪ್ಪು ಹಿಡಿದಿದೆಯೇ ಎಂದು ತಿಳಿಯುವ, ಮೂಗಿನಿಂದಲೇ ಭರಣಿಯ ಆರೋಗ್ಯವನ್ನು ಅರಿಯುವ ವಿದ್ಯೆ ಹೆಂಗಸರ ಕೈಯಲ್ಲಿತ್ತು. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಅದು ಬಾಯಿಂದ ಬಾಯಿಗೆ ಸಾಗಿತು. ಅಪ್ಪೆಮಿಡಿಗೆ ಇಂದು ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಆದರೆ ಪ್ರತಿಯೊಂದು ತಳಿಯೂ ಒಂದೊಂದು ಹಳೆಯ ಮರವನ್ನೇ ಆಶ್ರಯಿಸಿದ್ದರಿಂದ ಮರ ಬಿದ್ದಾಗ, ಕಸಿಯಾಗದೆ ಹೋದರೆ, ಆ ರುಚಿಯ ಹೆಸರೂ ಇಲ್ಲವಾಗುತ್ತದೆ. ಹಸ್ತಪ್ರತಿಯೊಂದು ನಷ್ಟವಾದರೆ ಪಾಠಾಂತರವೊಂದು ಹೋಯಿತೆಂದು ವಿದ್ವಾಂಸರು ವ್ಯಥೆಪಡುತ್ತಾರೆ. ಹೊಳೆದಂಡೆಯ ಮರಕ್ಕೂ ಭರಣಿಯ ಮುಂದೆ ಕುಳಿತ ಹಿರಿಯಳ ನೆನಪಿಗೂ ಅದೇ ಮಾತು ಸಲ್ಲುತ್ತದೆ. ಕನ್ನಡ ಸೂಪಶಾಸ್ತ್ರಗಳನ್ನು ಸಂಪಾದಿಸಿ ಅರ್ಥೈಸುವ ಮುಂದಿನ ಸಂಶೋಧಕರು ಓಲೆಗರಿಯ ಜೊತೆಗೆ ಈ ಬರೆಯದ ಪ್ರತಿಗಳನ್ನೂ ಎದುರಿಗಿಟ್ಟುಕೊಂಡರೆ, ಕೋಶಗಳಲ್ಲಿ ಅರ್ಥ ಸಿಗದೆ ಉಳಿದ ಎಷ್ಟೋ ಪಾಕಶಬ್ದಗಳಿಗೆ ಬೆಳಕು ಬಿದ್ದೀತು.